ಬಿಲ್ವಪತ್ರದ ಒಳನಿವಾಸಿಗಳು: ಔಷಧೀಯ ಸಸ್ಯಗಳ ಶಿಲೀಂಧ್ರಗಳೂ ಕಿಣ್ವೋದ್ಯಮವೂ

೧

ಕಾಶಿಯಲ್ಲಿ ದಶಾಶ್ವಮೇಧದ ರಸ್ತೆಯಿಂದ ವಿಶ್ವನಾಥನ ಸನ್ನಿಧಿಯ ಕಡೆಗೆ ಸಾಗುವ ವಿಶ್ವನಾಥ ಗಲ್ಲಿಯು ಬಹುಕಾಲದಿಂದ ಪೂಜಾದ್ರವ್ಯಗಳ ಪೇಟೆಯೆಂದು ಪ್ರಸಿದ್ಧವಾಗಿದೆ. ಈಗಿರುವ ವಿಶ್ವನಾಥ ಮಂದಿರವನ್ನು ಅಹಲ್ಯಾಬಾಯಿ ಹೋಳ್ಕರರು ೧೭೮೦ರಲ್ಲಿ ಕಟ್ಟಿಸಿದರು. ಮಂದಿರದ ಸುತ್ತ ಒತ್ತಾಗಿದ್ದ ಹಳೆಯ ಮನೆಗಳಲ್ಲಿ ಅನೇಕವು ಈಚಿನ ವಿಸ್ತರಣದಲ್ಲಿ ತೆರವಾದುವು. ವಿಸ್ತರಿಸಿದ ಪ್ರಾಕಾರದ ಉದ್ಘಾಟನೆ ೨೦೨೧ನೆಯ ಡಿಸೆಂಬರ್ ೧೩ರಂದು ನಡೆಯಿತು. ಪರಿಸರವು ಹೀಗೆ ಬಹಳವಾಗಿ ಬದಲಾದರೂ ಗಲ್ಲಿಯ ವ್ಯಾಪಾರದ ಸ್ವರೂಪ ಹೆಚ್ಚು ಬದಲಾಗಿಲ್ಲ. ಹೂವು, ಬಿಲ್ವಪತ್ರ, ರುದ್ರಾಕ್ಷಿ, ತಾಮ್ರದ ತಂಬಿಗೆ, ಬಳೆ, ಬನಾರಸಿ ಸೀರೆ ಇವು ಅಲ್ಲಿಯ ಮುಖ್ಯ ಸರಕುಗಳು.

ಇವುಗಳಲ್ಲಿ ಎರಡು ಸರಕುಗಳು ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಒಂದು ಬಿಲ್ವಪತ್ರ, ಇನ್ನೊಂದು ರೇಷ್ಮೆ. ಬಿಲ್ವಪತ್ರದ ಅಂಗಾಂಶದೊಳಗೆ ಕಣ್ಣಿಗೆ ಕಾಣದ ಶಿಲೀಂಧ್ರಗಳು ವಾಸವಾಗಿರುವುದನ್ನು ವಾರಾಣಸಿಯ ವಿದ್ವಾಂಸರೇ ತೋರಿಸಿಕೊಟ್ಟಿದ್ದಾರೆ. ರೇಷ್ಮೆಯ ನೂಲು ಬಣ್ಣವನ್ನು ಹಿಡಿಯಬೇಕಾದರೆ ಅದರ ಮೇಲಿನ ಅಂಟು ಕಳಚಬೇಕು. ಆ ಕೆಲಸವನ್ನು ಮಾಡಬಲ್ಲ ಕಿಣ್ವಗಳು ಶಿಲೀಂಧ್ರಗಳಲ್ಲಿಯೂ ಬ್ಯಾಕ್ಟೀರಿಯಗಳಲ್ಲಿಯೂ ದೊರೆಯುತ್ತವೆ. ಎಲೆಯೊಳಗಿನ ಜೀವಿಗೂ ಕಾರ್ಖಾನೆಯ ಅಗತ್ಯಕ್ಕೂ ನಡುವೆ ಇರುವ ದಾರಿ ಎಷ್ಟು ಉದ್ದದ್ದು, ಅದರಲ್ಲಿ ಎಷ್ಟು ದೂರ ನಡೆದದ್ದಾಗಿದೆ ಎಂಬುದನ್ನು ವಿಚಾರಿಸುವುದು ಈ ಪ್ರಬಂಧದ ಉದ್ದೇಶ.

ಕನ್ನಡಿಗರಿಗೂ ಕಾಶಿಗೂ ಇರುವ ಸಂಬಂಧ ಹಳೆಯದು. ವೀರಶೈವರ ಜಂಗಮವಾಡಿ ಮಠವು ವಿಶ್ವನಾಥ ಗಲ್ಲಿಗೆ ದೂರವಲ್ಲದ ಸ್ಥಳದಲ್ಲಿಯೇ ಇದೆ. ಗಂಗೆಯ ದಡದಲ್ಲಿ ಮೈಸೂರು ಸಂಸ್ಥಾನದ ಹೆಸರಿನ ಘಾಟಿದ್ದಿತು. ಅದು ಈಗ ಕರ್ನಾಟಕದ ಹೆಸರಿನಲ್ಲಿದೆ. ೧೯೧೬ರಲ್ಲಿ ಸ್ಥಾಪನೆಯಾದ ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಮುಂದೆ ವಿವರಿಸುವ ಸಂಶೋಧನೆಯಲ್ಲಿಯೂ ಮೈಸೂರು ಮತ್ತು ಕಾಶಿಗಳ ಹೆಸರುಗಳು ಜೊತೆಜೊತೆಯಾಗಿ ಬರುತ್ತವೆ.

೨

ಕಿಣ್ವವೆಂಬ ಶಬ್ದದ ಇತಿಹಾಸವೇ ವಿಷಯಕ್ಕೆ ಒಳ್ಳೆಯ ಪ್ರವೇಶವನ್ನು ಒದಗಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವೊಂದಿದೆ. ಮದ್ಯವನ್ನು ಹುದುಗಿಸುವ ದ್ರವ್ಯಕ್ಕೆ ಅಲ್ಲಿ ಕಿಣ್ವವೆಂದು ಹೆಸರು. ಉದ್ದು ಮತ್ತು ಅಕ್ಕಿಗಳಿಗೆ ಕೆಲವು ಮೂಲಿಕೆಗಳನ್ನು ಸೇರಿಸಿ ಅದನ್ನು ಕಟ್ಟುವ ಕ್ರಮವನ್ನೂ ಅಲ್ಲಿ ಹೇಳಿದೆ. ಈ ಗ್ರಂಥದ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳೆಂಬುದು ಸರ್ವವಿದಿತ. ಯೂರೋಪಿನಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ೧೮೭೦ರ ದಶಕದಲ್ಲಿ ಎಂಜೈಮ್ ಎಂಬ ಮಾತನ್ನು ರಚಿಸಿದನು. ಗ್ರೀಕ್ ಧಾತುಗಳ ಪ್ರಕಾರ ಅದಕ್ಕೆ ಹುದುಗಿನೊಳಗಿರುವುದು ಎಂದು ಅರ್ಥ. ಕನ್ನಡದ ವಿಜ್ಞಾನ ಲೇಖಕರು ಅದಕ್ಕೆ ಕಿಣ್ವವೆಂಬ ಪದವನ್ನು ಆರಿಸಿಕೊಂಡಾಗ ಎರಡು ಭಾಷೆಗಳ ಒಂದೇ ಅನುಭವವು ಒಂದೆಡೆ ಸೇರಿದಂತಾಯಿತು. ಹೆಸರು ಹುಟ್ಟುವುದಕ್ಕೆ ಎಷ್ಟೋ ಮೊದಲು ಹಿಟ್ಟು ಹುದುಗುವುದನ್ನೂ ಹಾಲು ಒಡೆಯುವುದನ್ನೂ ಜನರು ಅರಿತು ಬಳಸುತ್ತಿದ್ದರು.

ಹುದುಗಿಸುವ ಶಕ್ತಿಯು ಜೀವಿಯಿಂದ ಬೇರೆಯಾಗಬಲ್ಲುದೆಂಬ ಅರಿವು ಹಂತಹಂತವಾಗಿ ಮೂಡಿತು. ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬುವರು ೧೮೩೩ರಲ್ಲಿ ಮೊಳೆತ ಜವೆಗೋಧಿಯ ಸಾರದಿಂದ ಪಿಷ್ಟವನ್ನು ಸಕ್ಕರೆಯಾಗಿಸುವ ದ್ರವ್ಯವನ್ನು ಬೇರ್ಪಡಿಸಿದರು. ಜರ್ಮನಿಯ ಎಡ್ವರ್ಡ್ ಬುಖ್ನರ್ ೧೮೯೭ರಲ್ಲಿ ಯೀಸ್ಟನ್ನು ಅರೆದು, ಜೀವಕೋಶಗಳಿಲ್ಲದ ಅದರ ರಸವೇ ಸಕ್ಕರೆಯನ್ನು ಹುದುಗಿಸಬಲ್ಲುದೆಂದು ತೋರಿಸಿದನು. ಇವೆರಡರ ನಡುವೆ, ೧೮೯೪ರಲ್ಲಿ, ಜಪಾನಿನ ಜೋಕಿಚಿ ತಕಾಮಿನೆಗೆ ಅಮೆರಿಕದಲ್ಲಿ ಒಂದು ಪೇಟೆಂಟು ದೊರೆಯಿತು. ಜಪಾನಿನಲ್ಲಿ ಅಕ್ಕಿಯ ಮದ್ಯಕ್ಕೂ ಸೋಯಾ ರಸಕ್ಕೂ ಬಳಸುವ ಆಸ್ಪರ್ಜಿಲಸ್ ಒರೈಜೆ ಎಂಬ ಬೂಷ್ಟನ್ನು ಗೋಧಿಯ ತೌಡಿನ ಮೇಲೆ ಬೆಳೆಸಿ, ಅದರಿಂದ ಪಿಷ್ಟವನ್ನು ಕರಗಿಸುವ ಕಿಣ್ವವನ್ನು ತೆಗೆಯುವ ವಿಧಾನ ಅದು. ಜೀರ್ಣಕಾರಿ ಔಷಧವಾಗಿ ಮಾರಾಟವಾದ ಆ ವಸ್ತುವಿನಿಂದ ಶಿಲೀಂಧ್ರ ಕಿಣ್ವಗಳ ಆಧುನಿಕ ಉದ್ಯಮವು ಆರಂಭವಾಯಿತೆನ್ನಬಹುದು. ಈ ಉದ್ಯಮದ ಮೊದಲ ಹೆಜ್ಜೆಯೇ ಜನರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದ ಒಂದು ಬೂಷ್ಟಿನ ತಳಿಯಿಂದ ಆದುದೆಂಬುದನ್ನು ಇಲ್ಲಿ ಗಮನಿಸಬೇಕು. ತಳಿಯನ್ನು ಕಾಪಾಡುವ ಪ್ರಶ್ನೆ ಮುಂದೆ ಮತ್ತೆ ಎದುರಾಗುವುದು.

೩

ಗಿಡದೊಳಗೆ ಶಿಲೀಂಧ್ರವು ಇರಬಲ್ಲುದೆಂಬುದು ಹತ್ತೊಂಬತ್ತನೆಯ ಶತಮಾನದ ಸಸ್ಯಶಾಸ್ತ್ರಜ್ಞರಿಗೆ ತಿಳಿದಿದ್ದಿತು. ಜರ್ಮನಿಯ ಆಂಟನ್ ಡಿ ಬಾರಿ ೧೮೬೬ರ ತನ್ನ ಗ್ರಂಥದಲ್ಲಿ ಸಸ್ಯದ ಅಂಗಾಂಶದೊಳಗೆ ವಾಸಿಸುವ ಜೀವಿಗಳಿಗೆ ಎಂಡೊಫೈಟ್ ಎಂಬ ಹೆಸರನ್ನು ಬಳಸಿದನು. ಕನ್ನಡದಲ್ಲಿ ಇವನ್ನು ಒಳನಿವಾಸಿ ಶಿಲೀಂಧ್ರಗಳೆಂದು ಕರೆಯಬಹುದು. ಆದರೆ ಆ ಕಾಲದ ಗಮನವೆಲ್ಲವೂ ರೋಗವನ್ನುಂಟುಮಾಡುವ ಶಿಲೀಂಧ್ರಗಳ ಮೇಲಿದ್ದಿತು. ಐರ್ಲೆಂಡಿನ ಆಲೂಗಡ್ಡೆಯ ಬೆಳೆ ನಾಶವಾಗಿ ಜನರು ಹಸಿವಿನಿಂದ ಸತ್ತದ್ದನ್ನು ಕಂಡ ತಲೆಮಾರು ಅದು. ಎಲೆಯೊಳಗೆ ಇದ್ದೂ ಕೆಡುಕನ್ನು ಮಾಡದ ಜೀವಿಯ ಕಡೆಗೆ ನೋಡುವ ಬಿಡುವು ಯಾರಿಗೂ ಇರಲಿಲ್ಲ. ಹೀಗಾಗಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಒಳನಿವಾಸಿಗಳು ಪಠ್ಯಪುಸ್ತಕಗಳ ಅಡಿಟಿಪ್ಪಣಿಗಳಲ್ಲಿಯೇ ಉಳಿದುವು.

ಈ ಉದಾಸೀನವನ್ನು ಮುರಿದ ಘಟನೆಗಳು ಎರಡು. ಅಮೆರಿಕದಲ್ಲಿ ಫೆಸ್ಕ್ಯೂ ಎಂಬ ಹುಲ್ಲನ್ನು ಮೇದ ದನಗಳು ಕಾಯಿಲೆ ಬೀಳುತ್ತಿದ್ದುವು. ನೋಡುವುದಕ್ಕೆ ಹುಲ್ಲು ಆರೋಗ್ಯವಾಗಿಯೇ ಇದ್ದಿತು. ಹುಲ್ಲಿನೊಳಗೆ ಅಡಗಿದ್ದ ಶಿಲೀಂಧ್ರಕ್ಕೂ ಆ ಕಾಯಿಲೆಗೂ ಇರುವ ಸಂಬಂಧವನ್ನು ೧೯೭೭ರಲ್ಲಿ ಅಲ್ಲಿಯ ಸಂಶೋಧಕರು ಸೂಚಿಸಿದರು. ಎರಡನೆಯ ಘಟನೆ ೧೯೯೩ರದು. ಪೆಸಿಫಿಕ್ ಯೂ ಎಂಬ ಮರದ ತೊಗಟೆಯಿಂದ ದೊರೆಯುವ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧವನ್ನು ಆ ಮರದೊಳಗೇ ವಾಸಿಸುವ ಶಿಲೀಂಧ್ರವೊಂದು ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸುತ್ತದೆಂದು ಮೊಂಟಾನದ ಸ್ಟಿಯರ್ಲ್ ದಂಪತಿಗಳೂ ಗ್ಯಾರಿ ಸ್ಟ್ರೋಬೆಲ್ ಅವರೂ ಪ್ರಕಟಿಸಿದರು. ಮರವನ್ನು ಕಡಿಯದೆ ಬೂಷ್ಟನ್ನು ಬೆಳೆಸಿ ಮದ್ದನ್ನು ಪಡೆಯಬಹುದೆಂಬ ಆಸೆ ಲೋಕದಾದ್ಯಂತ ಹಬ್ಬಿತು. ಔಷಧೀಯ ಸಸ್ಯಗಳ ಪರಂಪರೆಯುಳ್ಳ ದೇಶಗಳಲ್ಲೆಲ್ಲ ತಮ್ಮ ತಮ್ಮ ಗಿಡಮರಗಳ ಒಳನಿವಾಸಿಗಳನ್ನು ಹುಡುಕುವ ಕಾರ್ಯ ಆರಂಭವಾಯಿತು. ಆ ಆಸೆ ಫಲಿಸಿತೆಂದು ಹೇಳಲಾಗದು. ಪ್ರಯೋಗಾಲಯದಲ್ಲಿ ಬೆಳೆದಂತೆ ಅನೇಕ ತಳಿಗಳ ಉತ್ಪತ್ತಿ ಕುಂದಿತು. ಶಿಲೀಂಧ್ರವು ತಾನೇ ಟ್ಯಾಕ್ಸಾಲನ್ನು ತಯಾರಿಸುವುದೆಂಬ ಮಾತಿಗೆ ಆಧಾರ ಕಾಣದೆಂದು ೨೦೧೩ರಲ್ಲಿ ಜರ್ಮನಿಯ ಸಂಶೋಧಕರು ವಾದಿಸಿದರು. ಆದರೆ ಅದರ ಬೆನ್ನುಹತ್ತಿ ನಡೆದ ಹುಡುಕಾಟದಿಂದ ಬೇರೊಂದು ಸಂಪತ್ತು ಕಣ್ಣಿಗೆ ಬಿದ್ದಿತು. ಅದೇ ಒಳನಿವಾಸಿಗಳ ಕಿಣ್ವಗಳು.

೪

ಭಾರತದಲ್ಲಿ ಈ ಕೆಲಸಕ್ಕೆ ಬೇವು ಒಂದು ಸಹಜವಾದ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಚ್. ಎಸ್. ಪ್ರಕಾಶ್, ಎಚ್. ಶೇಖರ ಶೆಟ್ಟಿ ಮತ್ತು ಅವರ ಸಂಗಡಿಗರು ಬೇವಿನ ಒಳತೊಗಟೆಯ ಶಿಲೀಂಧ್ರಗಳನ್ನು ಪರೀಕ್ಷಿಸಿ, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ೨೦೦೫ರ ಆದಿಯಲ್ಲಿ ವರದಿಯನ್ನು ಪ್ರಕಟಿಸಿದರು. ಅದೇ ತಂಡದವರು ಹೊಳೆಮತ್ತಿಯ ಒಳತೊಗಟೆಯನ್ನೂ ಎಳೆಯ ಕೊಂಬೆಯನ್ನೂ ಆ ವರ್ಷವೇ ಪರೀಕ್ಷಿಸಿದ್ದರು. ಎರಡು ವರ್ಷಗಳ ಅನಂತರ, ೨೦೦೭ರಲ್ಲಿ, ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗದ ವಿ. ಸಿ. ವರ್ಮ, ಎಸ್. ಕೆ. ಗೊಂಡ್, ಆರ್. ಎನ್. ಖರವಾರ್ ಮೊದಲಾದವರು, ಮೊಂಟಾನದ ಸ್ಟ್ರೋಬೆಲ್ ಅವರ ಸಹಯೋಗದಲ್ಲಿ, ವಾರಾಣಸಿಯ ಬೇವಿನ ತೊಗಟೆ, ಕಾಂಡ ಮತ್ತು ಎಲೆಗಳ ಒಳನಿವಾಸಿಗಳ ವಿಸ್ತಾರವಾದ ಅಧ್ಯಯನವನ್ನು ಹೊರತಂದರು. ಅದೇ ವರ್ಷ ಅದೇ ವಿಭಾಗದಿಂದ ವಾರಾಣಸಿಯ ಬಿಲ್ವದ ವಿವಿಧ ಭಾಗಗಳಲ್ಲಿ ವಾಸಿಸುವ ಶಿಲೀಂಧ್ರ ಸಮುದಾಯವನ್ನು ಕುರಿತ ಲೇಖನವೂ ಬೆಳಕಿಗೆ ಬಂದಿತು. ಬಿಲ್ವವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ ಮರ. ಅದರ ಬೇರು ದಶಮೂಲಗಳಲ್ಲಿ ಒಂದು. ಅದರ ಕಾಯಿ ಅತಿಸಾರಕ್ಕೆ ಮದ್ದು. ವಿಶ್ವನಾಥ ಗಲ್ಲಿಯ ಬುಟ್ಟಿಗಳಲ್ಲಿ ದಿನವೂ ಕಾಣುವ ತ್ರಿದಳವು ಹೀಗೆ ಸೂಕ್ಷ್ಮಜೀವಿಶಾಸ್ತ್ರದ ದಾಖಲೆಯನ್ನೂ ಸೇರಿತು.

ಈ ಅಧ್ಯಯನಗಳ ವಿಧಾನವನ್ನು ಸಂಕ್ಷೇಪವಾಗಿ ಹೇಳಬೇಕು. ಏಕೆಂದರೆ ಅದರ ನಂಬಿಕೆಯೆಲ್ಲ ಒಂದು ಹಂತದ ಮೇಲೆ ನಿಂತಿದೆ. ಎಲೆಯ ಹೊರಮೈ ಮೇಲೆ ಗಾಳಿಯಿಂದ ಬಿದ್ದ ಅಸಂಖ್ಯಾತ ಬೀಜಾಣುಗಳಿರುತ್ತವೆ. ಅವನ್ನು ಮದ್ಯಸಾರದಿಂದಲೂ ಹೈಪೋಕ್ಲೋರೈಟ್ ದ್ರಾವಣದಿಂದಲೂ ಕ್ರಮವಾಗಿ ತೊಳೆದು ಕೊಂದು, ಶುದ್ಧವಾದ ನೀರಿನಲ್ಲಿ ಜಾಲಿಸಿ, ಎಲೆಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪೋಷಕಾಂಶವುಳ್ಳ ಅಗರ್ ತಟ್ಟೆಯ ಮೇಲೆ ಇಡುತ್ತಾರೆ. ಹೊರಮೈ ನಿಜವಾಗಿಯೂ ಶುದ್ಧವಾಯಿತೇ ಎಂದು ನೋಡುವುದಕ್ಕೆ ತೊಳೆದ ಎಲೆಯನ್ನು ಬೇರೊಂದು ತಟ್ಟೆಗೆ ಒತ್ತಿ ತೆಗೆಯುವುದುಂಟು. ಆ ಅಚ್ಚಿನಲ್ಲಿ ಏನೂ ಬೆಳೆಯದಿದ್ದರೆ, ತುಂಡಿನ ಕತ್ತರಿಸಿದ ಅಂಚಿನಿಂದ ಹೊರಬರುವ ಬಿಳಿಯ ತಂತುಗಳು ಎಲೆಯ ಒಳಗಿನವೇ ಎಂದು ತಿಳಿಯಬಹುದು.

ವಾರಾಣಸಿಯ ಬೇವಿನಿಂದ ಈ ರೀತಿಯಾಗಿ ೨೩೩ ಶಿಲೀಂಧ್ರ ಸಂಸ್ಕೃತಿಗಳು ದೊರೆತುವು. ಅವನ್ನು ೧೮ ವರ್ಗಗಳಾಗಿ ಗುರುತಿಸಲಾಯಿತು. ಫೋಮಾಪ್ಸಿಸ್, ಕ್ಲಾಡೋಸ್ಪೋರಿಯಮ್, ಪೆಸ್ಟಲೋಷಿಯಾಪ್ಸಿಸ್, ಟ್ರೈಕೋಡರ್ಮ, ಆಸ್ಪರ್ಜಿಲಸ್ ಇವು ಅವುಗಳಲ್ಲಿ ಪ್ರಧಾನವಾದುವು. ಎಲೆಯ ತುಂಡುಗಳಲ್ಲಿ ಶೇಕಡ ೪೫.೫ರಷ್ಟರಲ್ಲಿ ಒಳನಿವಾಸಿಗಳು ಕಂಡರೆ, ತೊಗಟೆಯಲ್ಲಿ ಶೇಕಡ ೩೧.೫ರಷ್ಟರಲ್ಲಿ ಮಾತ್ರ ಕಂಡುವು. ಬೇರೆಬೇರೆ ಸ್ಥಳಗಳ ಎಲೆಗಳಲ್ಲಿ ಹೆಚ್ಚುಕಡಮೆ ಒಂದೇ ಬಗೆಯ ಸಮುದಾಯವಿದ್ದಿತು. ತೊಗಟೆಯಲ್ಲಾದರೋ ಸ್ಥಳದಿಂದ ಸ್ಥಳಕ್ಕೆ ವ್ಯತ್ಯಾಸ ಹೆಚ್ಚು. ಔಷಧವನ್ನು ಸಂಗ್ರಹಿಸುವಾಗ ದೇಶವನ್ನೂ ಕಾಲವನ್ನೂ ಪರಿಗಣಿಸಬೇಕೆಂದು ಚರಕಸಂಹಿತೆಯ ಕಲ್ಪಸ್ಥಾನವು ವಿಧಿಸುತ್ತದೆ. ಈ ಅಂಕಿಗಳಿಂದ ಆ ವಿಧಿಯು ಸಿದ್ಧವಾಯಿತೆಂದು ಹೇಳುವುದು ಆತುರವಾದೀತು. ಆದರೆ ಒಂದೇ ಜಾತಿಯ ಮರವು ಎಲ್ಲ ಕಡೆಯಲ್ಲಿಯೂ ಒಂದೇ ವಸ್ತುವಲ್ಲ, ಅದರೊಡನೆ ಬದುಕುವ ಪರಿವಾರವು ಬದಲಾಗುತ್ತದೆ ಎಂಬಷ್ಟನ್ನು ಇವು ನಿಸ್ಸಂದೇಹವಾಗಿ ತೋರಿಸುತ್ತವೆ.

ಬೇವಿನ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. ಬೇವಿನ ಎಣ್ಣೆಯಿಂದ ಬೆಳೆಗಳ ಶಿಲೀಂಧ್ರರೋಗವನ್ನು ತಡೆಯುವ ವಿಧಾನಕ್ಕೆ ಯೂರೋಪಿನ ಪೇಟೆಂಟು ಕಚೇರಿಯು ೧೯೯೪ರಲ್ಲಿ ಅಮೆರಿಕದ ಒಂದು ಕಂಪೆನಿಗೂ ಆ ದೇಶದ ಕೃಷಿ ಇಲಾಖೆಗೂ ಹಕ್ಕನ್ನು ಕೊಟ್ಟಿದ್ದಿತು. ಭಾರತದ ರೈತರು ಮೊದಲೇ ಬಲ್ಲ ವಿದ್ಯೆಯಿದೆಂದು ವಂದನಾ ಶಿವ ಮೊದಲಾದವರು ಆಕ್ಷೇಪಿಸಿದರು. ಹಕ್ಕು ೨೦೦೦ದಲ್ಲಿ ರದ್ದಾಯಿತು. ಅದರ ಮೇಲಿನ ಅಪೀಲು ೨೦೦೫ನೆಯ ಮಾರ್ಚ್ ೮ರಂದು ವಜಾ ಆಯಿತು. ಶಿಲೀಂಧ್ರವನ್ನು ಕೊಲ್ಲುವ ಬೇವಿನ ಗುಣದ ಮೇಲೆ ವ್ಯಾಜ್ಯವು ಮುಗಿದ ವರ್ಷವೇ, ಅದೇ ಬೇವಿನ ತೊಗಟೆಯೊಳಗೆ ಶಿಲೀಂಧ್ರಗಳು ನೆಮ್ಮದಿಯಾಗಿ ಬಾಳುತ್ತಿವೆಯೆಂದು ಮೈಸೂರಿನ ವರದಿಯು ತಿಳಿಸಿದ್ದಿತು. ಕಹಿಯಾದ ಆ ಮರದೊಳಗೆ ಬದುಕಬಲ್ಲ ಜೀವಿಗೆ ಆ ಕಹಿಯನ್ನು ಸಹಿಸುವ ಉಪಾಯ ತಿಳಿದಿರಲೇಬೇಕು. ಕಿಣ್ವಗಳ ವಿಚಾರವು ಇಲ್ಲಿಂದ ಆರಂಭವಾಗುತ್ತದೆ.

೫

ಶಿಲೀಂಧ್ರಕ್ಕೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ಅದು ತನ್ನ ಆಹಾರವನ್ನು ಹೊರಗಡೆಯೇ ಜೀರ್ಣಿಸಿಕೊಂಡು ಅನಂತರ ಹೀರುತ್ತದೆ. ಅದಕ್ಕಾಗಿ ತನ್ನ ತಂತುಗಳಿಂದ ಕಿಣ್ವಗಳನ್ನು ಸುತ್ತಲೂ ಸ್ರವಿಸುತ್ತದೆ. ಎಲೆಯೊಳಗೆ ಪ್ರವೇಶಿಸುವುದಕ್ಕೆ ಮೇಲ್ಪೊರೆಯ ಮೇಣವನ್ನೂ ಕೋಶಗಳನ್ನು ಬೆಸೆಯುವ ಪೆಕ್ಟಿನನ್ನೂ ಸ್ವಲ್ಪ ಸಡಿಲಿಸಬೇಕು. ಒಳಗೆ ಸೇರಿದ ಬಳಿಕ ಅತಿಯಾಗಿ ಕರಗಿಸಿದರೆ ಗಿಡವು ಎಚ್ಚೆತ್ತು ಅದನ್ನು ಎದುರಿಸುವುದು. ಆದುದರಿಂದ ಅಲ್ಲಿ ಅದು ಮಿತವಾಗಿ ನಡೆದುಕೊಳ್ಳುತ್ತದೆ. ಎಲೆಯು ಹಣ್ಣಾಗಿ ಉದುರಿದೊಡನೆ ಪರಿಸ್ಥಿತಿ ಬದಲಾಗುತ್ತದೆ. ಹೊರಗಿನ ಬೂಷ್ಟುಗಳು ಬಂದು ಸೇರುವುದಕ್ಕೆ ಮುಂಚೆಯೇ ಒಳಗಿದ್ದವನು ಕೆಲಸವನ್ನು ಆರಂಭಿಸಬಲ್ಲನು. ಅನೇಕ ಒಳನಿವಾಸಿಗಳು ಎಲೆ ಹಸುರಾಗಿರುವಾಗ ಮೌನವಾಗಿದ್ದು, ಎಲೆ ಸತ್ತ ಬಳಿಕ ಅದನ್ನು ಮಣ್ಣಾಗಿಸುವವರಲ್ಲಿ ಮೊದಲಿಗರಾಗುತ್ತವೆ. ದೇವರ ಮುಡಿಯಿಂದ ಇಳಿದು ನಿರ್ಮಾಲ್ಯದ ರಾಶಿಯನ್ನು ಸೇರುವ ಬಿಲ್ವದಳದಲ್ಲಿಯೂ ಇಂತಹ ಪರಿವರ್ತನೆ ನಡೆಯಬೇಕೆಂದು ಊಹಿಸುವುದು ಅಸಂಗತವಲ್ಲ.

ಹೀಗೆ ಎರಡು ಬಗೆಯ ಬಾಳನ್ನು ನಡೆಸುವ ಜೀವಿಗೆ ಹಲವು ಬಗೆಯ ಕಿಣ್ವಗಳು ಬೇಕು. ಅವನ್ನು ಪತ್ತೆಹಚ್ಚುವ ಪರೀಕ್ಷೆಗಳು ಸರಳವಾದುವು. ಹ್ಯಾಂಕಿನ್ ಮತ್ತು ಅನಗ್ನೊಸ್ಟಾಕಿಸ್ ಎಂಬ ಅಮೆರಿಕದ ಸಂಶೋಧಕರು ೧೯೭೫ರಲ್ಲಿ ಇವನ್ನು ಕ್ರಮಪಡಿಸಿದರು. ಪಿಷ್ಟ ಬೆರೆಸಿದ ತಟ್ಟೆಯಲ್ಲಿ ಶಿಲೀಂಧ್ರವನ್ನು ಬೆಳೆಸಿ ಅಯೋಡಿನ್ ಹಾಕಿದರೆ ತಟ್ಟೆಯೆಲ್ಲ ನೀಲಿಯಾಗುತ್ತದೆ. ಶಿಲೀಂಧ್ರವು ಪಿಷ್ಟವನ್ನು ಕರಗಿಸಿದ ಕಡೆಯಲ್ಲಿ ಮಾತ್ರ ತಿಳಿಯಾದ ಮಂಡಲವು ಉಳಿಯುತ್ತದೆ. ಅಲ್ಲಿ ಅಮೈಲೇಸ್ ಇದೆಯೆಂದು ಅರ್ಥ. ಸೆಲ್ಯುಲೋಸಿನ ತಟ್ಟೆಗೆ ಕಾಂಗೋ ಕೆಂಪು ಬಣ್ಣವನ್ನು ಹಾಕಿ ಉಪ್ಪುನೀರಿನಿಂದ ತೊಳೆದರೆ ಸೆಲ್ಯುಲೇಸಿನ ಮಂಡಲ ಕಾಣುವುದು. ಜೆಲಟಿನ್ ತಟ್ಟೆಯಲ್ಲಿ ಪ್ರೋಟಿಯೇಸ್, ಪೆಕ್ಟಿನ್ ತಟ್ಟೆಯಲ್ಲಿ ಪೆಕ್ಟಿನೇಸ್ ಹೀಗೆಯೇ ಗೊತ್ತಾಗುತ್ತವೆ. ಕೊಬ್ಬನ್ನು ಒಡೆಯುವ ಲೈಪೇಸ್ ಇದ್ದರೆ ಸುತ್ತಲೂ ಬಿಳಿಯ ಗಸಿ ಕೂಡುತ್ತದೆ. ಲಿಗ್ನಿನ್ನಿನಂತಹ ವಸ್ತುಗಳ ಮೇಲೆ ವರ್ತಿಸುವ ಲ್ಯಾಕೇಸ್ ಇದ್ದರೆ ನ್ಯಾಫ್ಥಾಲ್ ಬೆರೆಸಿದ ತಟ್ಟೆ ನೀಲಿಗೆ ತಿರುಗುತ್ತದೆ.

ಈ ಆರು ಕಿಣ್ವಗಳಿಗಾಗಿ ಔಷಧೀಯ ಸಸ್ಯಗಳ ೫೦ ಒಳನಿವಾಸಿ ತಳಿಗಳನ್ನು ಬೆಂಗಳೂರು ವಿಶ್ವವಿದ್ಯಾನಿಲಯದ ವಿ. ಎಚ್. ಸುನೀತಾ, ಡಿ. ನಿರ್ಮಲಾದೇವಿ ಮತ್ತು ಸಿ. ಶ್ರೀನಿವಾಸ್ ಪರೀಕ್ಷಿಸಿ ೨೦೧೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಆರಿಸಿದ ಸಸ್ಯಗಳು ನಾಲ್ಕು: ಶುಂಠಿಯ ಕುಟುಂಬದ ಆಲ್ಪೀನಿಯ, ಬೀಜದಿಂದ ಕೆಂಪು ಬಣ್ಣವನ್ನು ಕೊಡುವ ಬಿಕ್ಸ, ಸುರಹೊನ್ನೆ, ಮತ್ತು ಕನ್ನಡನಾಡಿನ ಕೆಲವೆಡೆ ಕಾಶಿಕಣಗಿಲೆಯೆಂದು ಕರೆಯುವ ನಿತ್ಯಪುಷ್ಪ. ಕೊನೆಯದು ವಾಸ್ತವವಾಗಿ ಮಡಗಾಸ್ಕರಿನಿಂದ ಬಂದ ಗಿಡ. ಹೆಸರಿನಲ್ಲಿ ಮಾತ್ರ ಕಾಶಿಯದು. ಪರೀಕ್ಷಿಸಿದ ಆರೂ ಕಿಣ್ವಗಳು ಒಂದಲ್ಲ ಒಂದು ತಳಿಯಲ್ಲಿ ಕಂಡುಬಂದುವು. ಆರೂ ಎಲ್ಲ ತಳಿಗಳಲ್ಲಿ ಕಾಣಲಿಲ್ಲ. ಇದಕ್ಕೆ ಮುಂಚೆ, ೨೦೦೫ರಲ್ಲಿ, ಮಂಗಳೂರು ವಿಶ್ವವಿದ್ಯಾನಿಲಯದ ಕೆ. ಆರ್. ಶ್ರೀಧರ್ ಮತ್ತು ಸಂಗಡಿಗರು ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಬೆಳೆಯುವ ಸಸ್ಯಗಳ ಒಳನಿವಾಸಿಗಳಲ್ಲಿ ಇಂತಹ ಕಿಣ್ವಗಳನ್ನು ಗುರುತಿಸಿದ್ದರು. ಉಪ್ಪುನೀರಿನಲ್ಲಿ ಬಾಳುವ ಸಸ್ಯದ ಒಳನಿವಾಸಿಯ ಕಿಣ್ವವು ಉಪ್ಪನ್ನು ಸಹಿಸುವುದಾದರೆ ಕೆಲವು ಉದ್ಯಮಗಳಿಗೆ ಅದೊಂದು ವಿಶೇಷ ಗುಣವಾಗಬಲ್ಲುದು.

ಉಪಯೋಗಗಳ ಪಟ್ಟಿ ದೊಡ್ಡದು. ಅಮೈಲೇಸ್ ಬೇಕರಿಗೂ ಸಕ್ಕರೆಪಾಕದ ತಯಾರಿಕೆಗೂ ಬಟ್ಟೆಯ ಗಂಜಿ ತೆಗೆಯುವುದಕ್ಕೂ ಬೇಕು. ಪೆಕ್ಟಿನೇಸ್ ಹಣ್ಣಿನ ರಸವನ್ನು ತಿಳಿಗೊಳಿಸುತ್ತದೆ. ಲೈಪೇಸ್ ಒಗೆಯುವ ಪುಡಿಯಲ್ಲಿ ಎಣ್ಣೆಯ ಕಲೆಯನ್ನು ತೆಗೆಯುತ್ತದೆ. ಲ್ಯಾಕೇಸ್ ಬಣ್ಣದ ಕಾರ್ಖಾನೆಗಳ ಕೊಳೆನೀರಿನ ಮೇಲೆ ಕೆಲಸ ಮಾಡುತ್ತದೆ. ರಕ್ತದ ಕ್ಯಾನ್ಸರಿನ ಚಿಕಿತ್ಸೆಗೆ ಬೇಕಾದ ಆಸ್ಪರಾಜಿನೇಸ್ ಥಾಯ್ಲೆಂಡಿನ ಔಷಧೀಯ ಸಸ್ಯಗಳ ಒಳನಿವಾಸಿಗಳಲ್ಲಿ ಕಂಡುಬಂದಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದವರು ಈಕ್ವಡಾರಿನ ಕಾಡಿನ ಸಸ್ಯಗಳಿಂದ ತೆಗೆದ ಪೆಸ್ಟಲೋಷಿಯಾಪ್ಸಿಸ್ ತಳಿಗಳು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕನ್ನು ಒಡೆಯಬಲ್ಲವೆಂದು ೨೦೧೧ರಲ್ಲಿ ವರದಿ ಮಾಡಿದರು. ವಾರಾಣಸಿಯ ಬೇವಿನಲ್ಲಿ ಪ್ರಧಾನವಾಗಿ ಕಂಡ ಕುಲಗಳಲ್ಲಿ ಪೆಸ್ಟಲೋಷಿಯಾಪ್ಸಿಸ್ ಒಂದೆಂಬುದನ್ನು ನೆನೆಯಬೇಕು.

ಇನ್ನು ರೇಷ್ಮೆಯ ವಿಷಯ. ಗೂಡಿನಿಂದ ಬಿಚ್ಚಿದ ನೂಲಿನಲ್ಲಿ ಫೈಬ್ರಾಯಿನ್ ಎಂಬ ಎಳೆಯೂ ಅದರ ಸುತ್ತ ಸೆರಿಸಿನ್ ಎಂಬ ಅಂಟೂ ಇರುತ್ತವೆ. ಅಂಟಿನ ಪಾಲು ತೂಕದಲ್ಲಿ ಸುಮಾರು ಕಾಲುಭಾಗ. ಇದನ್ನು ಸಾಮಾನ್ಯವಾಗಿ ಸೋಪು, ಸೋಡಗಳ ನೀರಿನಲ್ಲಿ ಕುದಿಸಿ ತೆಗೆಯುತ್ತಾರೆ. ಪ್ರೋಟಿಯೇಸ್ ಕಿಣ್ವವು ಕುದಿಯದ ನೀರಿನಲ್ಲಿಯೇ ಈ ಕೆಲಸವನ್ನು ಮಾಡಬಲ್ಲುದು. ಉರುವಲು ಉಳಿಯುತ್ತದೆ, ನೂಲಿಗೂ ಪೆಟ್ಟು ಕಡಮೆ. ಬನಾರಸದ ಮಗ್ಗಗಳಿಗೆ ಕರ್ನಾಟಕದ ಕಚ್ಚಾ ರೇಷ್ಮೆ ಬಹುಕಾಲದಿಂದ ಹೋಗುತ್ತಿದೆ. ಆದರೆ ಕಿಣ್ವವು ಅಂಟನ್ನು ತಿನ್ನಬೇಕು, ಎಳೆಯನ್ನು ತಿನ್ನಬಾರದು, ಎರಡೂ ಪ್ರೋಟೀನುಗಳೇ. ಈ ವಿವೇಕವುಳ್ಳ ಕಿಣ್ವವನ್ನು ಆರಿಸುವುದರಲ್ಲಿಯೇ ಕಷ್ಟವೆಲ್ಲ ಇದೆ.

೬

ಇಷ್ಟೆಲ್ಲ ಇದ್ದಮೇಲೆ ಔಷಧೀಯ ಸಸ್ಯಗಳ ಒಳನಿವಾಸಿಗಳಿಂದ ಉದ್ಯಮವೇಕೆ ತುಂಬಿಕೊಂಡಿಲ್ಲ ಎಂಬ ಪ್ರಶ್ನೆ ಸಹಜ. ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು, ತಟ್ಟೆಯ ಮಂಡಲಕ್ಕೂ ಕಾರ್ಖಾನೆಯ ಕೊಳಗಕ್ಕೂ ಇರುವ ಅಂತರ. ಮಂಡಲವು ಕಿಣ್ವವಿದೆಯೆಂದು ಹೇಳುತ್ತದೆ. ಎಷ್ಟಿದೆ, ಎಷ್ಟು ಬಿಸಿಯನ್ನು ತಾಳುತ್ತದೆ, ಕ್ಷಾರದಲ್ಲಿ ಉಳಿಯುತ್ತದೆಯೇ, ಲೀಟರಿಗೆ ಖರ್ಚೆಷ್ಟು ಎಂಬುದನ್ನು ಹೇಳುವುದಿಲ್ಲ. ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸ ದೀರ್ಘವಾದುದು, ಕೀರ್ತಿ ತರದುದು. ಹೀಗಾಗಿ ತಟ್ಟೆಯ ಹಂತದಲ್ಲಿ ನಿಲ್ಲುವ ಪ್ರಬಂಧಗಳೇ ಹೆಚ್ಚು.

ಎರಡನೆಯದು, ಔಷಧೀಯವೆಂಬ ವಿಶೇಷಣದ ಮೋಹ. ಗಿಡವು ಔಷಧೀಯವೆಂಬುದು ಮನುಷ್ಯನ ದೃಷ್ಟಿಯ ಮಾತು. ಶಿಲೀಂಧ್ರಕ್ಕೆ ಅದು ವಾಸಸ್ಥಾನ ಮಾತ್ರ. ಬಿಲ್ವದ ಒಳನಿವಾಸಿಯ ಅಮೈಲೇಸ್ ಬೇಲಿಯ ಗಿಡದ ಒಳನಿವಾಸಿಯ ಅಮೈಲೇಸಿಗಿಂತ ಮೇಲೆಂದು ನಂಬುವುದಕ್ಕೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗದ ಹೊರತು, ಆಧಾರವಿಲ್ಲ. ಟ್ಯಾನಿನ್, ಸುಗಂಧತೈಲ, ಕಹಿದ್ರವ್ಯಗಳು ತುಂಬಿದ ಅಂಗಾಂಶದಲ್ಲಿ ಬದುಕುವ ಶಿಲೀಂಧ್ರಕ್ಕೆ ಅವನ್ನು ಮಾರ್ಪಡಿಸುವ ಕಿಣ್ವಗಳಿರಬೇಕೆಂಬ ತರ್ಕವು ಮಾತ್ರ ಬಲವಾದುದು. ಹುಡುಕುವುದಾದರೆ ಪಿಷ್ಟವನ್ನು ಕರಗಿಸುವ ಸಾಮಾನ್ಯ ಕಿಣ್ವಕ್ಕಿಂತ ಇಂತಹ ವಿಶೇಷ ಕಿಣ್ವಗಳನ್ನು ಹುಡುಕುವುದು ಯುಕ್ತ.

ಮೂರನೆಯ ಕಾರಣವು ತಳಿಗಳ ಸಂರಕ್ಷಣೆಗೆ ಸಂಬಂಧಿಸಿದುದು. ಇದೇ ಎಲ್ಲಕ್ಕಿಂತ ಮುಖ್ಯವಾದುದು. ಎರಡನೆಯ ಮಹಾಯುದ್ಧದಲ್ಲಿ ಸೊಲೊಮನ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳು ಬೂಷ್ಟು ಹಿಡಿದು ಕೊಳೆಯುತ್ತಿದ್ದುವು. ಅವುಗಳಿಂದ ಬೇರ್ಪಡಿಸಿದ ಟ್ರೈಕೋಡರ್ಮದ ಒಂದು ತಳಿಗೆ ಕ್ಯೂಎಂ ೬ಎ ಎಂಬ ಗುರುತನ್ನು ಕೊಟ್ಟು ಸೈನ್ಯದ ಪ್ರಯೋಗಾಲಯವು ಕಾಪಾಡಿತು. ಡೇರೆಯನ್ನು ಉಳಿಸುವುದಕ್ಕಾಗಿ ಆರಂಭವಾದ ಅಧ್ಯಯನವು ಎಲ್ವಿನ್ ರೀಸ್, ಮೇರಿ ಮ್ಯಾಂಡೆಲ್ಸ್ ಮೊದಲಾದವರ ದಶಕಗಳ ದುಡಿಮೆಯಿಂದ ಸೆಲ್ಯುಲೇಸ್ ಉದ್ಯಮವಾಗಿ ಬೆಳೆಯಿತು. ಆ ಜಾತಿಗೆ ಈಗ ಟ್ರೈಕೋಡರ್ಮ ರೀಸಿಯೆಂದೇ ಹೆಸರು. ಅದರಿಂದ ಸೆಲ್ಯುಲೇಸನ್ನು ತಯಾರಿಸುವ ಉದ್ಯಮದ ತಳಿಗಳೆಲ್ಲ ಆ ಒಂದೇ ತಳಿಯ ಸಂತಾನ. ವಾರಾಣಸಿಯ ಬೇವಿನಲ್ಲಿಯೂ ಟ್ರೈಕೋಡರ್ಮ ಕುಲದವು ದೊರೆತಿದ್ದುವು. ವ್ಯತ್ಯಾಸವಾದದ್ದು ಕುಲದಲ್ಲಿ ಅಲ್ಲ. ಒಂದು ತಳಿಯನ್ನು ಹಿಡಿದು ಮೂವತ್ತು ವರ್ಷ ಕೈಬಿಡದೆ ನಡೆಸಿದ ದುಡಿಮೆಯಲ್ಲಿ.

ಕಾಡಿನ ತಳಿಯೇ ಕೊಳಗವನ್ನು ಸೇರಬೇಕಾದ ನಿರ್ಬಂಧವೂ ಈಗ ಉಳಿದಿಲ್ಲ. ಡೆನ್ಮಾರ್ಕಿನ ನೊವೊ ಕಂಪೆನಿಯು ೧೯೮೮ರಲ್ಲಿ ಹೊರತಂದ ಒಗೆಯುವ ಪುಡಿಯ ಲೈಪೇಸ್ ಒಂದು ಶಿಲೀಂಧ್ರದ ಜೀನಿನಿಂದ ಬಂದುದು, ಅದನ್ನು ತಯಾರಿಸಿದ್ದು ತಕಾಮಿನೆಯ ಆ ಹಳೆಯ ಆಸ್ಪರ್ಜಿಲಸ್ ಒರೈಜೆ. ಆದುದರಿಂದ ನಿಧಾನವಾಗಿ ಬೆಳೆಯುವ ಒಳನಿವಾಸಿಯೂ ತನ್ನ ಜೀನಿನ ಮೂಲಕ ಉದ್ಯಮವನ್ನು ಪ್ರವೇಶಿಸಬಹುದು. ಅದಕ್ಕೆ ತಳಿಯು ಜೀವಂತವಾಗಿ, ಹೆಸರು ಮತ್ತು ಊರುಗಳ ಸಮೇತ, ಎಲ್ಲಿಯಾದರೂ ಉಳಿದಿರಬೇಕು.

ಕನ್ನಡನಾಡಿಗೆ ಈ ಉದ್ಯಮದ ಅನುಭವ ಹೊಸದಲ್ಲ. ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವು ತೌಡಿನಂತಹ ಒದ್ದೆಯ ಘನಪದಾರ್ಥದ ಮೇಲೆ ಶಿಲೀಂಧ್ರವನ್ನು ಬೆಳೆಸಿ ಕಿಣ್ವ ತೆಗೆಯುವ ವಿಧಾನದಲ್ಲಿ ಗಣ್ಯವಾದ ಕೆಲಸ ಮಾಡಿತು. ಬೆಂಗಳೂರಿನಲ್ಲಿ ೧೯೭೮ರಲ್ಲಿ ಕಿರಣ್ ಮಜುಂದಾರ್ ಅವರು ಆರಂಭಿಸಿದ ಬಯೋಕಾನ್ ಸಂಸ್ಥೆಯು ಪಪ್ಪಾಯಿಯ ಹಾಲಿನಿಂದ ಪಪೇನ್ ಕಿಣ್ವವನ್ನು ತೆಗೆಯುವುದರಿಂದ ಮೊದಲಾಗಿ ಶಿಲೀಂಧ್ರ ಕಿಣ್ವಗಳವರೆಗೆ ಬೆಳೆಯಿತು. ೨೦೦೭ರಲ್ಲಿ ತನ್ನ ಕಿಣ್ವವಿಭಾಗವನ್ನು ನೊವೊದ ಉತ್ತರಾಧಿಕಾರಿಯಾದ ನೊವೊಜೈಮ್ಸ್ ಕಂಪೆನಿಗೆ ಮಾರಿ ಔಷಧಗಳ ಕಡೆಗೆ ತಿರುಗಿತು. ಬೇವು, ಬಿಲ್ವಗಳ ಒಳನಿವಾಸಿಗಳ ಪಟ್ಟಿ ವಾರಾಣಸಿಯಿಂದ ಪ್ರಕಟವಾದ ವರ್ಷವೂ ಅದೇ. ವಿಶ್ವವಿದ್ಯಾನಿಲಯಗಳು ತಳಿಗಳನ್ನು ಹುಡುಕಲಾರಂಭಿಸಿದ ಕಾಲಕ್ಕೆ ಅವನ್ನು ಕೇಳುವ ಸ್ವದೇಶದ ಒಂದು ಮುಖ್ಯ ಬಾಗಿಲು ಮುಚ್ಚಿತು.

೭

ಬೇವಿನ ವ್ಯಾಜ್ಯವು ಕಲಿಸಿದ ಪಾಠವೊಂದಿದೆ. ಆ ವ್ಯಾಜ್ಯವು ಗೆದ್ದದ್ದು ಜನರು ಮೊದಲೇ ಬಲ್ಲರೆಂಬುದನ್ನು ಸಾಕ್ಷ್ಯದಿಂದ ತೋರಿಸಿದ್ದರಿಂದ. ಎಲೆಯೊಳಗಿನ ಶಿಲೀಂಧ್ರದ ವಿಷಯದಲ್ಲಿ ಅಂತಹ ಸಾಕ್ಷ್ಯವು ದೊರೆಯಲಾರದು. ಬಿಲ್ವವನ್ನು ಅರ್ಪಿಸಿದ ಭಕ್ತರೂ ಅದನ್ನು ಅರೆದುಕೊಟ್ಟ ವೈದ್ಯರೂ ಒಳನಿವಾಸಿಯನ್ನು ಅರಿತವರಲ್ಲ. ಇಲ್ಲಿ ಸಾಕ್ಷಿಯಾಗಬಲ್ಲದ್ದು ಕಾಪಾಡಿದ ತಳಿಯೊಂದೇ. ೨೦೦೨ರ ಜೀವವೈವಿಧ್ಯ ಕಾಯಿದೆಯು ಸೂಕ್ಷ್ಮಜೀವಿಗಳನ್ನೂ ದೇಶದ ಜೈವಿಕ ಸಂಪತ್ತೆಂದು ಪರಿಗಣಿಸುತ್ತದೆ. ಅದರ ೩೯ನೆಯ ಕಲಮು ಇಂತಹ ಸಂಗ್ರಹಗಳಿಗೆ ಭಂಡಾರಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಚಂಡೀಗಢದಲ್ಲಿ ೧೯೮೬ರಲ್ಲಿ ಆರಂಭವಾದ ಸೂಕ್ಷ್ಮಜೀವಿ ಸಂಗ್ರಹ, ಪುಣೆಯ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹ, ವಾರಾಣಸಿಗೆ ಹೆಚ್ಚು ದೂರವಲ್ಲದ ಮವೂ ನಗರದ ಕೃಷಿ ಸೂಕ್ಷ್ಮಜೀವಿಗಳ ಸಂಗ್ರಹ ಇವೆಲ್ಲ ಉಪಲಬ್ಧವಾಗಿವೆ.

ಪ್ರಬಂಧವು ಅಚ್ಚಾದ ಮೇಲೆ ತಳಿಯು ಶೀತಪೆಟ್ಟಿಗೆಯಲ್ಲಿ ಒಣಗಿಹೋದರೆ ಉಳಿಯುವುದು ಹೆಸರುಗಳ ಪಟ್ಟಿ ಮಾತ್ರ. ಅದರಿಂದ ಯಾವ ಕಿಣ್ವವೂ ಹೊರಡುವುದಿಲ್ಲ. ಯಾವ ಮರ, ಯಾವ ಊರು, ಯಾವ ಋತು, ಎಲೆಯೋ ತೊಗಟೆಯೋ ಎಂಬ ವಿವರಗಳೊಡನೆ ಪ್ರತಿಯೊಂದು ತಳಿಯನ್ನೂ ಭಂಡಾರಕ್ಕೆ ಒಪ್ಪಿಸುವುದು ಮೈಸೂರು, ಮಂಗಳೂರು, ಬೆಂಗಳೂರು, ಕಾಶಿಗಳಲ್ಲಿ ದುಡಿಯುತ್ತಿರುವ ವಿದ್ಯಾರ್ಥಿಗಳು ಮಾಡಬಹುದಾದ ಚಿಕ್ಕ ಕೆಲಸ. ಅದರ ಫಲವನ್ನು ಅವರೇ ಕಾಣದೆ ಹೋಗಬಹುದು. ಕ್ಯೂಎಂ ೬ಎ ತಳಿಯನ್ನು ಕೊಳೆತ ಡೇರೆಯಿಂದ ತೆಗೆದು ಗುರುತುಹಾಕಿದವರಿಗೂ ಅದರ ಮುಂದಿನ ಉದ್ಯಮ ಗೊತ್ತಿರಲಿಲ್ಲ. ಬೇವು ಮತ್ತು ಬಿಲ್ವಗಳೊಳಗೆ ಏನಿದೆಯೆಂಬುದರ ಲೆಕ್ಕ ಆರಂಭವಾಗಿದೆ; ಲೆಕ್ಕಕ್ಕೆ ಬಂದದ್ದು ಕೈತಪ್ಪದಂತೆ ನೋಡಿಕೊಳ್ಳುವುದು ಈಗ ಆಗಬೇಕಾದ ಕಾರ್ಯ.